ಸೊನ್ನೆಯಲ್ಲಿ ನಿಂತ ಮುಳ್ಳು

ಬೆಳಿಗ್ಗೆ ಸುಗುಣ ಕಳಿಸಿದ ಗುಲಾಬಿ ಹೂವಿನ ಕೆಳಗೆ ಸೊನ್ನೆ ಇತ್ತು. ಶುಭೋದಯ ಎಂದು ಬರೆದ ದೊಡ್ಡ ಗುಲಾಬಿ, ಅದರ ಬೆನ್ನಿಗೇ ಗಡಿಯಾರದ ಫೋಟೊ. ಬೆಳಗಾದರೆ ಯಾಮಿನಿಯ ಫೋನಿಗೆ ಬಂದು ಬೀಳುವುದು ಇವೆರಡೇ. ಗಡಿಯಾರ ಎನ್ನುವುದು ಸುಗುಣಳ ಮಾತು. ಬಿಜೂರಿನಲ್ಲಿ ಅವಳ ಮನೆಯ ಹಿಂದೆ, ಹಿತ್ತಲಿಗೆ ಜಾಗ ಸಾಲದೆಂದು ಯಾವಾಗಲೋ ಕಡಿದು ನಿಲ್ಲಿಸಿದ ಗುಡ್ಡದ ಮೈಯಲ್ಲಿ, ಊರವರ ಮಾತಿನಲ್ಲಿ ದರೆಯಲ್ಲಿ, ಯಾಮಿನಿ ಒಂದು ಉದ್ದನೆಯ ಕೊಳವೆ ತೂರಿಸಿದ್ದಳು. ಕೊಳವೆಯ ತುಂಬ ನೀರು, ಒಳತುದಿಯಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಟ್ಟಲು, ಹೊರತುದಿಯಲ್ಲಿ ಒಂದೇ ಮುಳ್ಳಿನ ಈ ಗಡಿಯಾರ. ಗುಡ್ಡದ ಒಳಗಿನ ಮಣ್ಣು ಬಾಯಾರಿದ್ದರೆ ಬಟ್ಟಲಿನ ಮೂಲಕ ಕೊಳವೆಯ ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಮುಳ್ಳು ಏರುತ್ತದೆ. ಆ ಎಳೆತ ಇರುವಷ್ಟು ದಿನ ಮಣ್ಣಿನ ಕಣ ಪಕ್ಕದ ಕಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಗುಡ್ಡ ನಿಂತಿರುತ್ತದೆ. ಸೊನ್ನೆ ಎಂದರೆ ಹಿಡಿತ ಬಿಟ್ಟಿದೆ ಎಂದು. ಅಥವಾ, ಇದೇ ತಲೆನೋವು, ಕೊಳವೆಯೊಳಗೆ ಗಾಳಿ ಹೊಕ್ಕು ಗಡಿಯಾರ ಕೆಟ್ಟಿದೆ ಎಂದು. ನೀರು ತುಂಬಿದ ಗುಡ್ಡವೂ ಕೆಟ್ಟ ಗಡಿಯಾರವೂ ತೋರಿಸುವುದು ಅದೇ ಸೊನ್ನೆಯನ್ನು. ಬ್ರಹ್ಮಾವರದ ಬಾಡಿಗೆ ಮನೆಯಲ್ಲಿ ಒಂಟಿಯಾಗಿ ತಿನ್ನುತ್ತಿದ್ದ ದೋಸೆ ಯಾಮಿನಿಯ ಕೈಯಲ್ಲೇ ಉಳಿಯಿತು. ಗುಡ್ಡದೊಳಗಿನ ನೀರಿನ ಲೆಕ್ಕ ಹಾಕಲು ಲ್ಯಾಪ್‌ಟಾಪಿನಲ್ಲಿ ಅವಳೇ ಬರೆದಿದ್ದ ಮಾಡೆಲ್ ಬೇರೆಯೇ ಹೇಳುತ್ತಿತ್ತು. ಮಳೆ ಬಿಟ್ಟು ವಾರ ಕಳೆಯಿತು, ಸುಗುಣಳ ಗುಡ್ಡ ಇನ್ನೂ ಎಳೆಯುತ್ತಲೇ ಇದೆ, ಹೆದರುವಂಥದ್ದೇನಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಗುಡ್ಡದ ಬುಡದಲ್ಲಿ ಸುಗುಣ, ಅವಳ ಅತ್ತೆ, ಒಂದು ದನ ತಮ್ಮ ಪಾಡಿಗೆ ತಾವು ಇದ್ದರು.

ಗಡಿಯಾರವೇ ಕೆಟ್ಟಿರಲಿ ದೇವರೇ, ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು, ಯಾಕೆಂದರೆ ಕಳೆದ ಮಳೆಗಾಲದಲ್ಲಿ ಕೆಟ್ಟದ್ದು ಗಡಿಯಾರವೇ. ಆಗಲೂ ಹೀಗೇ ಸೊನ್ನೆ ಬಂದಿತ್ತು. ಅವಳು ಕಾಲೇಜಿನಲ್ಲಿ ಮಾಡುತ್ತಿದ್ದ ಪಾಠ ಬಿಟ್ಟು ಓಡಿ, ತಾಲೂಕು ಕಚೇರಿಗೆ ಫೋನಿನ ಮೇಲೆ ಫೋನು ಮಾಡಿ, ಗುಡ್ಡದ ಬುಡದ ಮನೆಯವರನ್ನೆಲ್ಲ ಶಾಲೆಗೆ ಸಾಗಿಸಿದ್ದಳು. ಜನ ಅಕ್ಕಿಮುಡಿ ಹೊತ್ತು, ಮಕ್ಕಳನ್ನು ಎತ್ತಿ, ಮಳೆಯಲ್ಲಿ ನೆನೆದು ಹೋಗಿ ಮಕ್ಕಳ ಬೆಂಚುಗಳ ಮೇಲೆ ಮುದುಡಿ ಕೂತರು. ಗುಡ್ಡ ಒಂದು ಹಿಡಿ ಮಣ್ಣನ್ನೂ ಉದುರಿಸಲಿಲ್ಲ. ಆಮೇಲೆ ಕೊಳವೆಯ ಮುಚ್ಚಳ ತೆಗೆದು ನೋಡಿದರೆ ಅರ್ಧಕ್ಕರ್ಧ ಗಾಳಿ. ಅಂದಿನಿಂದ ಅವಳು ಆ ಊರಿಗೆ ಸೊನ್ನೆ ಮೇಡಂ. ಯಾರೂ ಕೆಟ್ಟ ಮನಸ್ಸಿನಿಂದ ಕರೆದದ್ದಲ್ಲ, ಅದೇ ಕಷ್ಟ; ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಚಹಾ ಕುಡಿಯುತ್ತ, ಗುಡ್ಡ ಕ್ಷೇಮವೇ, ಎಂದು ಕೇಳುತ್ತಿದ್ದರು. ಬಾರ್ಕೂರಿನಲ್ಲಿ ನೆಂಟರ ಮನೆಯ ಉಪನಯನದ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ, ಚಿಕ್ಕಪ್ಪ ಒಬ್ಬರು ಪಂಕ್ತಿಗೆಲ್ಲ ಕೇಳುವಂತೆ, ನಮ್ಮ ಹಿತ್ತಲಿನ ದರೆಗೂ ಒಂದು ಜಾತಕ ಬರೆದುಕೊಡೆ ಮಾರಾಯ್ತಿ, ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಾಯಸ ಎಲೆಯಲ್ಲೇ ಉಳಿಯಿತು.

ಬಿಜೂರಿನ ಕಡೆಯ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಆಸಾಡಿಯ ದೊಡ್ಡ ಮಳೆ ಕಳೆದ ಮೇಲೆ ಬರುವ ಸೋಣೆ ತಿಂಗಳ ಬಿಸಿಲು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಕುಂದಾಪುರ ದಾಟಿ ಮರವಂತೆಗೆ ಬರುವಾಗ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ಬಸ್ಸಿನವರೆಲ್ಲ ಆ ಕಡೆ ಈ ಕಡೆ ತಲೆ ತಿರುಗಿಸಿದರು. ಯಾಮಿನಿಗೆ ಅಷ್ಟೊಂದು ನೀರಿನ ಮೇಲೆ ಯಾವತ್ತೂ ಆಸೆ ಹುಟ್ಟಿದ್ದಿಲ್ಲ. ತುಂಬಿದ ನೀರಿನಲ್ಲಿ ಏನಿದೆ, ಅದು ಎಲ್ಲರಿಗೂ ಕಾಣುತ್ತದೆ. ಅವಳನ್ನು ಹಿಡಿದು ಕೂರಿಸಿದ್ದು ತುಂಬದ ಮಣ್ಣು. ಅರ್ಧ ಗಾಳಿ ಅರ್ಧ ನೀರು ಇಟ್ಟುಕೊಂಡು ಕತ್ತಲಲ್ಲಿ ಕೂತ ಮಣ್ಣು. ಅದರೊಳಗೆ ನೀರು ಎಷ್ಟು ಹರಿಯುತ್ತದೆ ಎಂದು ತಿಳಿಯಬೇಕಾದರೆ ಅಲ್ಲಿ ಎಷ್ಟು ನೀರಿದೆ ಎಂದು ಗೊತ್ತಿರಬೇಕು. ಎಷ್ಟಿದೆ ಎಂದು ತಿಳಿಯಬೇಕಾದರೆ ಎಷ್ಟು ಹರಿದುಬಂತು ಎಂದು ಗೊತ್ತಿರಬೇಕು. ಗುಡ್ಡವನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ ಕೊಟ್ಟರೆ ಕಂಪ್ಯೂಟರ್ ಒಂದೊಂದರಲ್ಲೂ ಊಹೆ ಮಾಡುತ್ತದೆ, ತಪ್ಪಿತೆಂದು ತಿದ್ದುತ್ತದೆ, ಮತ್ತೆ ಊಹೆ, ಮತ್ತೆ ತಿದ್ದು, ಪಕ್ಕದ ತ್ರಿಕೋನ ಒಪ್ಪುವವರೆಗೂ ಬಿಡುವುದಿಲ್ಲ. ಇಷ್ಟು ವಿನಯ ತನಗೆ ಮನುಷ್ಯರಲ್ಲಿ ಸಿಕ್ಕಿಲ್ಲ ಎಂದು ಅವಳಿಗೆ ಅನೇಕ ಸಲ ಅನಿಸಿದೆ. ಸಾಲಿಗ್ರಾಮದಲ್ಲಿ ದೇವಸ್ಥಾನದ ಚಾಕರಿಯಲ್ಲಿದ್ದ ಅಪ್ಪಯ್ಯ ವಿಷ್ಣುಮೂರ್ತಿ ಒಮ್ಮೆ ಕೇಳಿದ್ದರು, "ನೀರ್ ಕೆಳ್ಗ್ ಹೋತ್ತ್. ಅದ್ಕೆ ಕಂಪ್ಯೂಟರ್ ಎಂತಕೆ ಮಗಾ?" ಅವರು ಆಗಷ್ಟೇ ಹಚ್ಚಿದ ದೀಪವನ್ನು ಅವಳು ತೋರಿಸಿದಳು. ಎಣ್ಣೆ ಕೆಳಗಿತ್ತು, ಉರಿ ಮೇಲಿತ್ತು. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದು ಯಾರ ಅಪ್ಪಣೆಯಿಂದ, ಮಣ್ಣೂ ಹಾಗೆಯೇ, ನೀರನ್ನು ಮೇಲಕ್ಕೂ ಅಡ್ಡಕ್ಕೂ ಎಳೆದುಕೊಳ್ಳುತ್ತದೆ ಎಂದಳು. ಅಪ್ಪಯ್ಯ ಬತ್ತಿಯನ್ನೇ ನೋಡುತ್ತ ನಿಂತರು. ನೈವೇದ್ಯಕ್ಕೆ ಹೊತ್ತಾಯಿತೆಂದು ಒಳಗಿನಿಂದ ಕರೆದರೂ ಅಲ್ಲಾಡಲಿಲ್ಲ. "ದಿನಾ ಕಾಣ್ತೆ. ಕಂಡದ್ದೇ ಇಲ್ಲೆ ಕಾಣ್," ಎಂದರು. ಆ ಮಾತು ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಈ ವಿದ್ಯೆಯ ಬಗ್ಗೆ ಅವಳಿಗೆ ಯಾರಾದರೂ ಕೊಟ್ಟ ಮರ್ಯಾದೆ ಎಂದರೆ ಅದೊಂದೇ.

ಬಿಜೂರಿನಲ್ಲಿ ಇಳಿದು ಗದ್ದೆಯ ಅಂಚಿನ ಮೇಲೆ ನಡೆದು ಹೋದರೆ ಸುಗುಣ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಹೊಸ್ತಿಲು ಬರೆಯುತ್ತಿದ್ದಳು. ಗಂಡ ಶೇಖರ ಮೀನು ಲಾರಿಯ ಡ್ರೈವರು, ಅರ್ಧ ತಿಂಗಳು ಗೋವಾದ ದಾರಿಯಲ್ಲಿ. ಮನೆ ನಡೆಯುವುದು ಇವಳ ಕೈಯಲ್ಲಿ. ಸೋಣೆ ತಿಂಗಳು ಪೂರ್ತಿ ಈ ಕಡೆಯ ಹೆಂಗಸರು ದಿನವೂ ಹೊಸ್ತಿಲಿಗೆ ಶೇಡಿಯಲ್ಲಿ ಗೆರೆ ಎಳೆದು ಹೂವಿಟ್ಟು ಪೂಜೆ ಮಾಡುತ್ತಾರೆ. ಶೇಡಿ ಎಂದರೆ ಮುರಕಲ್ಲು ಎನ್ನುವ ಕೆಂಪು ಜಂಬಿಟ್ಟಿಗೆಯ ಪದರದ ಅಡಿಯಲ್ಲಿ ಸಿಗುವ ಬಿಳಿ ಜೇಡಿಮಣ್ಣು. ಒಣಗಿದ್ದರೆ ಗೋಡೆಯಷ್ಟು ಗಟ್ಟಿ, ನೀರು ಕುಡಿದು ತುಂಬಿದರೆ ಅದಕ್ಕೆ ಬೆನ್ನುಮೂಳೆಯೇ ಇಲ್ಲ. ಸುಗುಣಳ ಮನೆಗೆ ಶೇಡಿ ಬರುವುದು ಹಿತ್ತಲಿನ ದರೆಯಿಂದಲೇ, ಅವಳ ಅತ್ತೆಯ ಕಾಲದಿಂದಲೂ.

"ಹ್ವಾಯ್ ಮೇಡಂ! ಬನಿ ಬನಿ. ಎಂತ, ರಜೆ ದಿನವೂ ನಮ್ ಗುಡ್ಡ ನಿಮ್ಮನ್ ಬಿಡ್ಲಿಲ್ಯಾ?" ಸುಗುಣ ಬಿಳಿ ಮೆತ್ತಿದ ಕೈಯನ್ನು ಮೇಲೆತ್ತಿ ನಕ್ಕಳು. "ದಾಟ್ಕಂಡ್ ಬನಿ, ಹಸಿ ಇತ್ತ್, ಮೆಟ್ಬೇಡಿ."

"ಬೆಳಿಗ್ಗೆ ಸೊನ್ನೆ ಕಂಡೆ ಸುಗುಣಕ್ಕ. ಅದ್ಕೇ ಬಂದೆ."

"ಅದಾ? ಅದ್ ಹಾಳಾಯ್ತ್ ಬಿಡಿ. ಹೋದ್ ವರ್ಷದ್ ಹಾಂಗೆ." ಅವಳು ಚಿಪ್ಪಿನಲ್ಲಿದ್ದ ಶೇಡಿಯನ್ನು ಬೆರಳಲ್ಲಿ ಮೀಟಿ ತೋರಿಸಿದಳು. "ಅದಿರ್ಲಿ, ಇದ್ ಕಾಣಿ. ಪ್ರತಿ ವರ್ಷ ಕತ್ತಿ ಹಿಡ್ದ್ ಕೆರ್ದ್, ನೆನ್ಸಿ, ಅರ್ದ್, ನನ್ನ್ ಸೊಂಟ ಹೋತಿತ್ತ್. ಈ ಸರ್ತಿ ಕೈ ಹಾಕಿರೆ ಬೆಣ್ಣೆ ಕಂಡಂಗೆ ಬಂತ್ ಮಾರಾಯ್ರೆ. ಒಂದ್ ತೊಟ್ ನೀರ್ ಹಾಕ್ಲಿಲ್ಲೆ. ದೇವ್ರ್ ಕೊಟ್ಟದ್ದ್."

ಯಾಮಿನಿ ಚಪ್ಪಲಿಯನ್ನೂ ಬಿಡದೆ ಮನೆಯನ್ನು ಸುತ್ತಿ ಹಿಂದೆ ಹೋದಳು. ಮೂಲೆ ತಿರುಗಿದವಳಿಗೆ ಒಂದು ಗಳಿಗೆ ಯಾರದೋ ಬೇರೆ ಮನೆಗೆ ಬಂದೆನೇನೋ ಅನಿಸಿತು. ಗುಡ್ಡ ಇರಲಿಲ್ಲ. ಗುಡ್ಡವಿದ್ದ ಕಡೆ ಬಿಳಿ ಗೋಡೆ ನಿಂತಿತ್ತು. ಕೆಂಪು ಮುರಕಲ್ಲು, ಅದರ ಕೆಳಗೆ ಗುಲಾಬಿ ಬಣ್ಣದ ಅಂಚು, ಅದರ ಕೆಳಗೆ ಶೇಡಿಯ ಬಿಳಿ, ಅಲ್ಲಲ್ಲಿ ನೇತಾಡುತ್ತಿದ್ದ ಗೇರುಮರದ ಬೇರು, ಎಲ್ಲವನ್ನೂ ಮುಚ್ಚಿ ಬುಡದಿಂದ ಎತ್ತರದವರೆಗೆ ದಪ್ಪಕ್ಕೆ ಸಿಮೆಂಟು ಮೆತ್ತಿ, ನಯ ಮಾಡಿ, ಸುಣ್ಣ ಹೊಡೆದಿತ್ತು. ಅವಳ ಗಡಿಯಾರದ ಸುತ್ತಲೂ ಚಿತ್ರದ ಚೌಕಟ್ಟಿನಂತೆ ಒಂದು ಪಟ್ಟಿ ಎಳೆದಿದ್ದರು. ದಿನದ ಫೋಟೊದಲ್ಲಿ ಗಡಿಯಾರದ ಮುಖವೊಂದೇ ತುಂಬಿರುತ್ತಿದ್ದರಿಂದ ಇದ್ಯಾವುದೂ ಅವಳಿಗೆ ಕಂಡಿರಲಿಲ್ಲ. ನೀರು ಹೊರಬರಲು ಒಂದೇ ಒಂದು ತೂತನ್ನೂ ಬಿಟ್ಟಿರಲಿಲ್ಲ. ಬುಡದಲ್ಲಿ ಮಾತ್ರ ಕೈ ಹಿಡಿಸುವಷ್ಟು ಒಂದು ಬಾಯಿ, ಅದಕ್ಕೆ ಹಳೇ ಹಂಚಿನ ತುಂಡು ಮುಚ್ಚಿತ್ತು. ಬೀಡಿ ಸೇದುತ್ತ ನಿಂತಿದ್ದ ಶೈಲೇಶ್, ಸುಗುಣಳ ತಮ್ಮ, ಗಾರೆ ಕೆಲಸದವನು, ಬೀಡಿಯನ್ನು ಬೆನ್ನ ಹಿಂದೆ ಮಾಡಿದ.

"ಹ್ಯಾಂಗಿತ್ತ್ ಮೇಡಂ?"

"ಯಾರ್ ಮಾಡುಕ್ ಹೇಳ್ದದ್ದ್ ಇದ್ನ?"

"ನೀವೇ ಅಲ್ದಾ! ದರೆಯಿಂದ ನೀರ್ ಹೊರ್ಗ್ ಬಂದ್ರೆ ಅಪಾಯ, ಫೋನ್ ಮಾಡಿ ಅಂದಿರಿ. ಆಸಾಡಿಯಗೆ ಬೆವರ್ದಂಗೆ ಒಂಚೂರ್ ಬಂತ್. ಅಕ್ಕಂಗೆ ಹೆದ್ರಿಕೆ. ಮಳೆ ಬಿಟ್ಟ್ ಹೊಳವಾದ್ ಕೂಡ್ಲೆ ನಾನೇ ನಿಂತ್ ಹೊಡ್ದೆ. ಈಗ ಕಾಣಿ, ಒಂದ್ ಹನಿ ಬತ್ತಿಲ್ಲೆ." ಅವನು ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿದ. "ಶೇಡಿ ತೆಗುಕೆ ಮಾತ್ರ ಒಂದ್ ಬಾಯಿ ಬಿಡ್ ಅಂದ್ಲ್ ಅಕ್ಕ."

"ನಂಗೊಂದ್ ಫೋನ್ ಮಾಡ್ಲಿಕ್ ಆಗ್ಲಿಲ್ಯಾ ಶೈಲೇಶ್?"

ಶೈಲೇಶ್ ನೆಲ ನೋಡಿದ. ಹಿಂದೆಯೇ ಬಂದಿದ್ದ ಸುಗುಣ ಅವನ ಬದಲಿಗೆ ಮಾತಾಡಿದಳು. "ಅವ್ನ್ ಮಾಡ್ತೆ ಅಂದ. ನಾನೇ ಬ್ಯಾಡ ಅಂದೆ. ಫೋನ್ ಮಾಡಿರೆ ನೀವ್ ಮತ್ತೆ ಓಡ್ಕಂಡ್ ಬಪ್ಪುದ್, ಮತ್ತೆ ಎಲ್ಲರ್ ಹತ್ರ ಬೈಸ್ಕಂಬುದ್. ಹೋದ್ ವರ್ಷ ಶಾಲೆಯಗೆ ನಿಮ್ ಮುಖ ಕಂಡಿದೆ ನಾನ್. ಪಾಪ, ಅದೊಂದ್ ಸಾಕ್ ಅಂದೇಳಿ."

ಯಾಮಿನಿಗೆ ಕಣ್ಣು ಉರಿಯಿತು. ತನ್ನ ಮುಖವನ್ನು ಇವಳು ನೋಡಿದ್ದಳು. ಊರೆಲ್ಲ ನಕ್ಕಾಗ ಇವಳೂ ನಕ್ಕಿದ್ದಾಳೆಂದೇ ಯಾಮಿನಿ ಇಷ್ಟು ದಿನ ಅಂದುಕೊಂಡಿದ್ದಳು. ಇವರು ತನಗೆ ಮರ್ಯಾದೆ ಉಳಿಸಿಕೊಡಲೆಂದು ಗುಡ್ಡದ ಬಾಯಿ ಮುಚ್ಚಿದ್ದಾರೆ. ಯಾರನ್ನು ಬೈಯುವುದು? ನೀರು ಹೊರಗೆ ಬರುವುದು ಅಪಾಯವಲ್ಲ, ಒಳಗೆ ಏನಾಗುತ್ತಿದೆ ಎಂಬುದಕ್ಕೆ ಗುರುತು, ಹೊರಗೆ ಬಂದರೆ ಗುಡ್ಡಕ್ಕೆ ಉಸಿರು ಎಂದು ಬಿಡಿಸಿ ಹೇಳಲು, ಆ ಎಚ್ಚರಿಕೆ ಕೊಟ್ಟ ದಿನ ಅವಳಿಗೆ ಪುರುಸೊತ್ತು ಇರಲಿಲ್ಲ. ಕೊನೆಯ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಒಂದೇ ವಾಕ್ಯ ಎಸೆದು ಹೋಗಿದ್ದಳು. ಹಂಚಿನ ತುಂಡು ಸರಿಸಿ ಆ ಬಾಯಿಗೆ ಕೈ ಹಾಕಿದಳು. ಶೇಡಿ ತಣ್ಣಗಿತ್ತು. ಮೊಣಕೈವರೆಗೆ ಕೈ ಸಲೀಸಾಗಿ ಹೋಯಿತು, ಯಾವುದೂ ತಡೆಯಲಿಲ್ಲ.

ಇನ್ನು ಗಡಿಯಾರ. ಕೊಳವೆಯ ಹೊರತುದಿ ಸ್ವಲ್ಪ ಮೇಲಕ್ಕೆ ಬಾಗಿತ್ತು, ಅದಕ್ಕೆ ತಿರುಗಿಸುವ ಮುಚ್ಚಳ. ಒಳಗೆ ಗಾಳಿ ಸೇರಿದ್ದರೆ ಮುಚ್ಚಳ ತೆಗೆದ ಕೂಡಲೇ ಖಾಲಿ ಕಾಣುತ್ತದೆ. ಕಾಣಲಿ, ಖಾಲಿ ಕಾಣಲಿ, ಸೊನ್ನೆ ಮೇಡಂ ಎಂದು ಇನ್ನೂ ಹತ್ತು ವರ್ಷ ಕರೆಯಲಿ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಯಾಮಿನಿ ಮುಚ್ಚಳ ತಿರುಗಿಸಿದಳು. ಶೈಲೇಶ್ ನೋಡಬಾರದೆಂದು ಮೈ ಅಡ್ಡ ಮಾಡಿದಳು. ನೀರು ಅಂಚಿನ ತನಕ ಇತ್ತು. ಗಾಳಿಯ ಒಂದು ಗುಳ್ಳೆಯೂ ಇರಲಿಲ್ಲ. ಅವಳು ನೋಡುತ್ತಿದ್ದ ಹಾಗೆಯೇ ಆ ನೀರು ಅಂಚಿನ ಮೇಲೆ ಸ್ವಲ್ಪ ಉಬ್ಬಿ ನಿಂತಿತು. ಆಮೇಲೆ, ಯಾರೂ ಹೊಯ್ಯದೆ, ಯಾರೂ ಮುಟ್ಟದೆ, ಉಕ್ಕಿ ಒಂದು ಹನಿ ಕೆಳಗೆ ಬಿತ್ತು. ಅದರ ಜಾಗಕ್ಕೆ ಮತ್ತೊಂದು ಬಂತು. ಇಷ್ಟು ವರ್ಷ ಅವಳು ಎಳೆಯುವ ಮಣ್ಣನ್ನು ಓದಿದ್ದಳು, ಅಳೆದಿದ್ದಳು, ಪಾಠ ಮಾಡಿದ್ದಳು. ಮಣ್ಣು ತಿರುಗಿ ಕೊಡುವುದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ಹೊರಗೆ ಬಿಸಿಲು ಕಾಯುತ್ತಿದೆ, ತೋಡಿನ ನೀರು ಇಳಿದಿದೆ, ಆಕಾಶದಲ್ಲಿ ಒಂದು ಮೋಡವಿಲ್ಲ. ಒಳಗೆ ಆಸಾಡಿಯ ಮಳೆ ಈಗ ಬಂದು ಸೇರುತ್ತಿದೆ. ಎಂದೋ ಬಿದ್ದ ಮಳೆ, ಜನ ಮರೆತೇಬಿಟ್ಟ ಮಳೆ, ಕಣದಿಂದ ಕಣಕ್ಕೆ ಇಳಿದು, ದಾರಿ ಮುಚ್ಚಿದ ಕಡೆ ನಿಂತು, ಹಿಂದೆ ಬರುವ ನೀರನ್ನು ಕಾಯುತ್ತಿದೆ. ಅವಳಿಗೆ ಭಯವಾಯಿತು. ಭಯಕ್ಕಿಂತ ಮುಂಚೆ ಬೇರೇನೋ ಆಯಿತು. ಮೈಯ ಕೂದಲೆಲ್ಲ ನಿಂತಿತು.

ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಮಾಡೆಲಿನಲ್ಲಿ ಗುಡ್ಡದ ಈ ಮುಖವನ್ನು ಅವಳು ತೆರೆದ ಬಾಗಿಲು ಎಂದು ಬರೆದಿದ್ದಳು, ನೀರು ಬಂದರೆ ಹೊರಗೆ ಹೋಗಬಹುದು ಎಂದು. ಈಗ ಆ ಗೆರೆಯನ್ನು ಆರಿಸಿ, ಮಳೆ ಬಿಟ್ಟು ಹೊಳವಾದ ದಿನದಿಂದ ಆಚೆಗೆ ಅದನ್ನು ಮುಚ್ಚಿದಳು. ಅಷ್ಟೇ. ಮಳೆಯ ಲೆಕ್ಕ ಮುಟ್ಟಲಿಲ್ಲ, ಮಣ್ಣಿನ ಗುಣ ಮುಟ್ಟಲಿಲ್ಲ. ಓಡಿಸಿದಳು. ಮೊದಲು ಎಲ್ಲವೂ ಬೆಳಗಿನ ಹಾಗೆಯೇ ಇತ್ತು, ಬಾಯಾರಿದ ಮಣ್ಣಿನ ಹಳದಿ. ಆಮೇಲೆ ಶೇಡಿಯ ಪದರದಲ್ಲಿ ಒಂದು ನೀಲಿ ಚುಕ್ಕೆ ಹುಟ್ಟಿತು. ಅದು ಗೋಡೆಯ ಬೆನ್ನಿಗೆ ಆತುಕೊಂಡು ಮೇಲೇರಿತು, ಒಳಕ್ಕೆ ಬಾಗಿತು, ಎಳೆತ ಇದ್ದ ಹಳದಿಯನ್ನೆಲ್ಲ ಸದ್ದಿಲ್ಲದೆ ತಿಂದುಕೊಂಡು ಗುಡ್ಡದ ನಡುವಿನವರೆಗೆ ಒಂದು ಬಿಲ್ಲಿನ ಆಕಾರ ತಾಳಿತು. ಕೊಳವೆಯ ಬಟ್ಟಲು ಇರುವ ಕಡೆ ಮಾಡೆಲ್ ಹೇಳಿದ ಒತ್ತಡಕ್ಕೂ ಹೊರಗೆ ಉಕ್ಕುತ್ತಿದ್ದ ಹನಿಗೂ ತಾಳೆಯಾಗುತ್ತಿತ್ತು. ಬೆಳಿಗ್ಗೆ ಸುಳ್ಳು ಹೇಳಿದ್ದು ಗಡಿಯಾರವೂ ಅಲ್ಲ, ಮಾಡೆಲೂ ಅಲ್ಲ. ಸುಣ್ಣ ಹೊಡೆದ ಒಂದು ಗೋಡೆಯ ಸುದ್ದಿ ಮಾಡೆಲಿಗೆ ತಲುಪಿರಲಿಲ್ಲ, ಹೇಳಿದ ಕೂಡಲೇ ಒಪ್ಪಿಕೊಂಡಿತು. ಕಾಗದದ ಮೇಲೆ ಒಂದೇ ಸಾಲು ಹಿಡಿಯುವ ಸಮೀಕರಣ, ಇದೇ ಗುಡ್ಡದ ಹೊಟ್ಟೆಯೊಳಗೆ ಯಾರೂ ಕಾಣದಲ್ಲಿ ತಪ್ಪದೆ ನಡೆಯುತ್ತಿದೆ. ಸುಗುಣ ಚಹಾ ತಂದಿಟ್ಟಳು. ಯಾಮಿನಿ ಅವಳಿಗೆ ಪರದೆ ತೋರಿಸಬೇಕೆಂದು ತಿರುಗಿಸಿದಳು, ಆಮೇಲೆ ಮುಚ್ಚಿಬಿಟ್ಟಳು.

"ಸುಗುಣಕ್ಕ, ಈ ಮನೆಯಗೆ ಈಗ ಇರುಕ್ ಆಗ. ಎಲ್ಲರೂ ಈಗ್ಲೇ ಹೊರಡ್ಕ್."

ಶೈಲೇಶ್ ಜಗಲಿಯ ಕೆಳಗಿನಿಂದಲೇ ನಕ್ಕ. "ಶುರುವಾಯ್ತ್ ಕಾಣಿ. ಮಳೆ ಇಲ್ಲೆ ಮಾರಾಯ್ರೆ, ಬಿಸ್ಲ್ ಇತ್ತ್! ಬಿಸ್ಲಗೆ ಗುಡ್ಡ ಬಿದ್ದದ್ ಎಲ್ಲ್ಯಾರೂ ಉಂಟಾ? ಬೇಕಾರೆ ಈಗ್ಲೇ ಸುತ್ಗೆ ತಂದ್ ಹತ್ತ್ ತೂತ್ ಹೊಡಿತೆ, ನೀರ್ ಹೋತ್ತ್, ಮುಗೀತ್ ಕಥೆ."

"ಅದರ್ ಬುಡಕ್ ಹೋಪುಕಾಗ ಶೈಲೇಶ್. ಸುತ್ಗೆ ಪೆಟ್ಟ್ ಬಿದ್ರೆ ಸಾಕ್, ನಿನ್ ಮೇಲೇ ಬತ್ತ್."

ಒಳಗಿನಿಂದ ಸುಗುಣಳ ಅತ್ತೆ ನಾಗು ಕೋಲೂರಿಕೊಂಡು ಬಂದರು. ಮಾತೆಲ್ಲ ಅವರಿಗೆ ಕೇಳಿತ್ತು. "ನಾ ಬತ್ತಿಲ್ಲೆ," ಎಂದರು. "ಹೋದ್ ವರ್ಷ ಶಾಲೆ ಬೆಂಚಗೆ ಮಲ್ಗಿ ಇನ್ನೂ ಸೊಂಟ ಸಮ ಆಯ್ಲಿಲ್ಲೆ. ಸೋಣೆ ತಿಂಗ್ಳಗೆ ಹೊಸ್ತಿಲ್ ಬರ್ದ್, ಹೂವಿಡ್ದೆ ಎದ್ದ್ ಹೋಪುದಂಬ್ರ್! ಯಾವ್ ಮನೆ ಹೆಂಗಸ್ ಹಾಂಗ್ ಮಾಡ್ತ್ಲ್?"

ಯಾಮಿನಿಗೆ ಹೇಳಲು ಎಷ್ಟೋ ಇತ್ತು. ನೀಲಿ ಬಿಲ್ಲು, ಉಕ್ಕಿದ ಹನಿ, ಮುಚ್ಚಿದ ಬಾಗಿಲು. ಅವೆಲ್ಲ ಹೋದ ವರ್ಷ ಅವಳ ಬಾಯಲ್ಲಿದ್ದಂಥ ಮಾತುಗಳೇ. ಹೋದ ವರ್ಷ ಅವಳು ನಿಂತ ನಿಲುವು ಎಂಥದು, ಕೈಯಲ್ಲಿ ಫೈಲು, ಪಕ್ಕದಲ್ಲಿ ತಾಲೂಕಿನ ಜೀಪು, ಒಳಗೊಳಗೇ ತಾನು ಇಷ್ಟು ಜನರನ್ನು ಉಳಿಸುತ್ತಿದ್ದೇನೆ ಎನ್ನುವ ಹೆಮ್ಮೆ. 'ಗುಡ್ಡ ಬೀಳದೆ ಹೋದರೆ?' ಇನ್ನೊಮ್ಮೆ ಆ ನಗು ಕೇಳಿದರೆ ತಾನು ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಎದ್ದು ಹೋಗಬಹುದಿತ್ತು. ನಾನು ಹೇಳಿದ್ದೆ, ಅವರು ಕೇಳಲಿಲ್ಲ ಎನ್ನಬಹುದಿತ್ತು. ಆ ಯೋಚನೆ ಬಂದದ್ದೇ ಅವಳು ಚಟ್ಟನೆ ಎದ್ದಳು. ಸುಗುಣಳ ಕೈ ಹಿಡಿದಳು, ಶೇಡಿ ಒಣಗಿ ಬಿರಿದ ಕೈ.

"ನಂಗ್ ಹೆದ್ರಿಕೆ ಆತ್ತ್ ಸುಗುಣಕ್ಕ. ತಪ್ಪಾರೆ ಊರಿಗೆಲ್ಲಾ ಹೇಳ್ಕಂಡ್ ನೆಗಾಡಿ. ಆರೆ ಇವತ್ತೊಂದ್ ದಿನ ಬನಿ." ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಪಾಠ ಮಾಡುವವಳು, ಪರರ ಜಗಲಿಯಲ್ಲಿ, ಗಾರೆಯವನ ಎದುರು, ಮೂಗು ಸೋರಿಸಿಕೊಂಡು.

ಸುಗುಣ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಗ್ಯಾಸ್ ಬಂದ್ ಮಾಡಿದಳು. ಹೊಸ್ತಿಲಿಗೆ ಎರಡು ಹೂವು ಬೇಗ ಬೇಗ ಇಟ್ಟು ಕೈ ಮುಗಿದಳು. ದನದ ಹಗ್ಗ ಬಿಚ್ಚಿ ತಮ್ಮನ ಕೈಗೆ ಕೊಟ್ಟಳು. "ಅತ್ತೆ, ಏಳಿ. ಶೈಲೇಶನ್ ಮನೆಯಗೆ ಮೀನ್ ಸಾರ್ ಮಾಡಿರಂಬ್ರ್, ಉಂಡ್ಕಂಡ್ ಬಪ್ಪ," ಎಂದು ಮುದುಕಿಯ ರಟ್ಟೆ ಹಿಡಿದಳು. ನಾಗು ದಾರಿಯುದ್ದಕ್ಕೂ ಗೊಣಗಿದರು.

ಶೈಲೇಶನ ಮನೆ ಗದ್ದೆಯ ಆಚೆ ಬದಿ. ಅವನ ಜಗಲಿಯಿಂದ ನೋಡಿದರೆ ಹಸಿರು ಗದ್ದೆ, ಅದರ ಕೊನೆಗೆ ಸುಗುಣಳ ಹಂಚಿನ ಮನೆ, ಹಿಂದೆ ಬಿಳಿ ಗೋಡೆಯ ಮೇಲುತುದಿ, ಅದರ ಮೇಲೆ ಗೇರುಮರಗಳ ಸಾಲು, ಎಲ್ಲವೂ ಬಿಸಿಲಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಯಾಮಿನಿ ಪಂಚಾಯಿತಿಗೆ, ತಾಲೂಕಿಗೆ ಫೋನು ಮಾಡಿದಳು. ಆ ಕಡೆಯವರು ಅವಳ ಹೆಸರು ಕೇಳಿ ಸ್ವಲ್ಪ ತಡೆದು, ಆಯ್ತು ಮೇಡಂ, ಯಾರನ್ನಾದರೂ ಕಳಿಸುತ್ತೇವೆ, ಎಂದರು. ಆ ತಡೆದ ಹೊತ್ತು ಅವಳಿಗೆ ಚುಚ್ಚಿತು. ಗುಡ್ಡದ ಬುಡದ ಬೇರೆ ಮನೆಗಳಲ್ಲಿ ಈಗ ಯಾರೂ ಇರಲಿಲ್ಲ. ಹೋದ ವರ್ಷ ಶಾಲೆಗೆ ಬಂದವರಲ್ಲಿ ಸುಗುಣಳ ಮನೆಯವರನ್ನು ಬಿಟ್ಟು ಉಳಿದವರೆಲ್ಲ ಅಲ್ಲಿಂದಲೇ ಉಪ್ಪುಂದದ ಬಾಡಿಗೆ ಮನೆಗಳಿಗೆ ಹೋಗಿದ್ದರು. ಊಟವಾಯಿತು. ಮೀನು ತಿನ್ನದ ಯಾಮಿನಿಗೆಂದು ಬೇರೆ ಒಲೆಯಲ್ಲಿ ಗಂಜಿ ಬೇಯಿಸಿ ಉಪ್ಪಿನಕಾಯಿ ಕೊಟ್ಟರು. ಹೊತ್ತು ಇಳಿಯಿತು. ಏನೂ ಆಗಲಿಲ್ಲ. ಬಿಳಿ ಕೊಕ್ಕರೆಗಳು ಗದ್ದೆಗೆ ಇಳಿದವು, ಎದ್ದವು. ಶೈಲೇಶ್ ಹಲ್ಲುಕಡ್ಡಿ ಹಿಡಿದು ಬಂದು, "ಮೇಡಂ, ಗುಡ್ಡಕ್ ಇವತ್ತ್ ಪುರ್ಸೊತ್ತಿಲ್ಯಂಬ್ರ್," ಎಂದ. ಯಾರೋ ಕಿಸಕ್ಕೆಂದರು. ನಾಗು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಕೋಲು ಹುಡುಕಲು ಶುರು ಮಾಡಿದರು. ಸುಗುಣ ಕೂಡ ಸೆರಗು ಕೊಡವಿ ಎದ್ದಳು. ಅವಳು ಯಾಮಿನಿಯ ಕಡೆ ನೋಡದೆ, "ದನಕ್ಕೆ ಹುಲ್ ತಕಂಡ್ ಬತ್ತೆ, ಒಂದ್ ಗಳಿಗೆ," ಎಂದು ಅಂಗಳಕ್ಕೆ ಇಳಿದಳು. ಯಾಮಿನಿಯೂ ಇಳಿದು ಅವಳ ಹಿಂದೆಯೇ ಹೋದಳು. ಇಷ್ಟರಲ್ಲೇ ತನ್ನ ಮೇಲಿನ ನಂಬಿಕೆ ಅವಳಿಗೇ ಅರ್ಧ ಹೋಗಿತ್ತು. ಗದ್ದೆಯಂಚಿನ ನಡುವಿನಲ್ಲಿ ಕೈ ಚಾಚಿ ಸುಗುಣಳ ಸೆರಗನ್ನು ಮಾತ್ರ ಹಿಡಿದುಕೊಂಡಳು, ಚಿಕ್ಕ ಮಗುವಿನ ಹಾಗೆ, ನಾಚಿಕೆ ಬಿಟ್ಟು.

ಸುಗುಣ ತಿರುಗಿ ಏನೋ ಅನ್ನಬೇಕು, ಅಷ್ಟರಲ್ಲಿ ಗೇರುಮರಗಳು ನಡೆಯಲು ಶುರು ಮಾಡಿದವು. ಬೀಳಲಿಲ್ಲ, ವಾಲಲಿಲ್ಲ, ನಿಂತ ನಿಲುವಿನಲ್ಲೇ, ಬುಡದ ಹುಲ್ಲಿನ ಸಮೇತ, ಒಂದರ ಹಿಂದೆ ಒಂದು ಮೆತ್ತಗೆ ಕೆಳಗೆ ಇಳಿದು ಬಂದವು. ಸದ್ದೇ ಇರಲಿಲ್ಲ. ಬಿಳಿ ಗೋಡೆಗೆ ಹೊಟ್ಟೆ ಬಂತು. ಅದು ದೊಡ್ಡದಾಗುತ್ತ ಆಗುತ್ತ ನಡುವಿನಲ್ಲಿ ಸೀಳಿತು, ಸೀಳಿನಿಂದ ಶೇಡಿ ದೋಸೆ ಹಿಟ್ಟಿನಂತೆ ಬಿಳಿಯಾಗಿ, ದಪ್ಪವಾಗಿ, ಅವಸರವಿಲ್ಲದೆ ಹೊರಗೆ ಸುರಿಯಿತು. ಅದು ಅಡುಗೆಕೋಣೆಯ ಗೋಡೆಯನ್ನು ತಳ್ಳಿತು, ಹಂಚುಗಳನ್ನು ಮೇಲೆತ್ತಿತು, ಮನೆಯ ಹಿಂಭಾಗವನ್ನು ಪೂರ್ತಿ ತನ್ನೊಳಗೆ ತೆಗೆದುಕೊಂಡಿತು. ಆಗ ಸದ್ದು ಬಂತು, ನೆಲದ ಒಳಗಿನಿಂದ, ಕಾಲಿನಿಂದ ಎದೆಗೆ. ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಮಣ್ಣು ಕಳಚಿಕೊಂಡ ಕಡೆ ಗುಡ್ಡದಲ್ಲಿ ಒಂದು ಗುಳಿ ಉಳಿಯಿತು, ಸಂಜೆಯ ಬಿಸಿಲಲ್ಲಿ ಒದ್ದೆಯಾಗಿ ಹೊಳೆಯುವ, ಒಳಕ್ಕೆ ಬಾಗಿದ ಬಿಲ್ಲು. ಯಾಮಿನಿ ಆ ಗೆರೆಯನ್ನು ಈ ಮೊದಲು ನೋಡಿದ್ದಳು. ಅದೇ ಬಾಗು, ಅದೇ ಆಳ, ಮೇಲೆ ಕೊನೆಯಾಗುವ ಜಾಗವೂ ಅದೇ. ಯಾರ ಕಣ್ಣಿಗೂ ಬೀಳದ್ದನ್ನು ಒಂದು ಸಾಲು ಲೆಕ್ಕ ಮುಂಚೆಯೇ ನೋಡಿತ್ತು. ಅವಳ ಎದೆಯಲ್ಲಿ ಏನೋ ಮೇಲೆದ್ದಿತು. ದೇವರ ಬಾಗಿಲು ತೆರೆದಾಗ ಗಂಟೆಯೆಲ್ಲ ಒಟ್ಟಿಗೆ ಬಾರಿಸಿದರೆ ಆಗುವಂಥದ್ದು, ಅದಕ್ಕೆ ಬೇರೆ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಹಿಂದಿನಿಂದ ಶೈಲೇಶ್ ಅಕ್ಕ ಅಕ್ಕ ಎಂದು ಕೂಗುತ್ತ ಓಡಿ ಬರುತ್ತಿದ್ದ. ಜಗಲಿಯಲ್ಲಿ ನಾಗು ಎರಡೂ ಕೈ ತಲೆಯ ಮೇಲಿಟ್ಟು ಅರಚುತ್ತಿದ್ದರು. ಯಾಮಿನಿ ತಿರುಗಿದಾಗ ಸುಗುಣ ಮನೆಯನ್ನು ನೋಡುತ್ತಿರಲಿಲ್ಲ. ಅವಳು ಯಾಮಿನಿಯ ಮುಖವನ್ನೇ ನೋಡುತ್ತಿದ್ದಳು. ಆಗ ಯಾಮಿನಿಗೆ ತನ್ನ ತುಟಿಗಳು ಅಗಲವಾಗಿ ಬಿರಿದಿವೆ ಎಂಬುದು ತಿಳಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ನೀವ್ ನೆಗಾಡ್ತಿದ್ರಿ," ಎಂದಳು ಸುಗುಣ.

"ಹೌದ್."

ಸುಗುಣ ಗದ್ದೆಯಂಚಿನ ಮೇಲೆ ಮೆಲ್ಲಗೆ ಕೂತಳು. ಒಡೆದ ಹಂಚುಗಳ ಮೇಲೆ, ನಿಂತ ಹಾಗೆಯೇ ಬಂದು ನಿಂತ ಗೇರುಮರಗಳ ಮೇಲೆ, ಹೊಳೆಯುವ ಆ ಗುಳಿಯ ಮೇಲೆ ಅವಳ ಕಣ್ಣು ಹೋಗಿ ಬಂತು. "ನಿಮ್ಗ್ ಎರಡ್ ಬಾರ್ಸ್ಕ್ ಅಂದೇಳಿ ಕಂಡ್ತ್," ಎಂದಳು. ಉಸಿರು ಎಳೆದುಕೊಂಡಳು. "ಆರೆ ಎಂತ ಹೇಳುದ್ ಮೇಡಂ. ಅದ್ ಬಪ್ಪೊತ್ತಿಗೆ, ಮರವೆಲ್ಲ ನಡ್ಕಂಡ್ ಬಪ್ಪೊತ್ತಿಗೆ, ನನ್ ಮನೆ ಅಂಬುದೇ ಮರ್ತ್ ಹೋಯ್ತ್. ನಂಗೂ ಒಂದ್ ಗಳಿಗೆ ಚೆಂದ ಕಂಡ್ತ್."

ಹಾಗೆಂದವಳು ಮೊಣಕಾಲಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಯಾಮಿನಿ ಅವಳ ಪಕ್ಕ ಕೂತಳು.